ಗಾಡಿ ಹೀಟ್ ಆದರೆ ಮೊದಲು ಮುಚ್ಚಳ ನೋಡಿ

ಹಳೇ ಮಾರುತಿ 800, ಓಮ್ನಿ, ಅಂಬಾಸಿಡರ್ ಇಟ್ಟುಕೊಂಡವರಿಗೆ ಇದು ಹೊಸದೇನಲ್ಲ. ಬೇಸಿಗೆಯಲ್ಲಿ ಚಾರ್ಮಾಡಿ ಹತ್ತುವಾಗ ಟೆಂಪರೇಚರ್ ಮುಳ್ಳು ಮೇಲೇರಿತು ಅಂದ್ರೆ ಒಳಗೆ ಕೂತವರೆಲ್ಲ ಒಂದೊಂದು ಸಲಹೆ ಕೊಡುತ್ತಾರೆ. ಗ್ಯಾರೇಜಿಗೆ ಹೋದರೆ "ಥರ್ಮೋಸ್ಟ್ಯಾಟ್ ಕಿತ್ತಾಕಿ ಸಾರ್, ನಮ್ಮ ಬಿಸಿಲಿಗೆ ಅದು ಬೇಡ" ಅನ್ನುತ್ತಾರೆ (ಎಂಜಿನ್ ಬಿಸಿಯಾದಾಗ ನೀರಿಗೆ ದಾರಿ ಬಿಡುವ ವಾಲ್ವ್ ಅದು). ಯಾರೂ ಕೇಳದ ಪ್ರಶ್ನೆ ಒಂದೇ: ಯಾವಾಗ ಹೀಟ್ ಆಗುತ್ತದೆ?

ಅರ್ಧ ಉತ್ತರ ಅದರಲ್ಲೇ ಇದೆ. ಸಿಗ್ನಲ್‌ನಲ್ಲಿ ನಿಂತಾಗ ಬಿಸಿಯಾಗಿ, ಗಾಡಿ ಓಡಿದ ಕೂಡಲೇ ಮುಳ್ಳು ಇಳಿದರೆ ಗಾಳಿಯ ತೊಂದರೆ, ಅಂದರೆ ಫ್ಯಾನ್. ಮಾರುತಿಯಾದರೆ ಎಲೆಕ್ಟ್ರಿಕ್ ಫ್ಯಾನಿಗೆ ಬ್ಯಾಟರಿಯಿಂದ ನೇರ ಕರೆಂಟ್ ಕೊಟ್ಟು ನೋಡಿ. ತಿರುಗಿದರೆ ಫ್ಯಾನ್ ಸರಿಯಾಗಿದೆ, ತಪ್ಪು ಸ್ವಿಚ್ಚಿನದೋ ಫ್ಯೂಸಿನದೋ. ಅಂಬಾಸಿಡರ್ ಆದರೆ ಬೆಲ್ಟ್ ಸಡಿಲವಾಗಿದೆಯಾ ನೋಡಿ. ಹೈವೇಯಲ್ಲಿ, ಗಾಳಿ ಬೇಕಾದಷ್ಟು ಸಿಗುವಾಗಲೇ ಬಿಸಿಯಾದರೆ ನೀರು ಸರಿಯಾಗಿ ಹರಿಯುತ್ತಿಲ್ಲ. ಎಂಜಿನ್ನಿನ ಬಿಸಿನೀರನ್ನು ಗಾಳಿಗೆ ತಣ್ಣಗಾಗಿಸುವ ರೇಡಿಯೇಟರ್ ಒಳಗೆ ಕಟ್ಟಿಕೊಂಡಿರಬಹುದು, ಥರ್ಮೋಸ್ಟ್ಯಾಟ್ ಅರ್ಧಕ್ಕೇ ಸಿಕ್ಕಿಕೊಂಡಿರಬಹುದು. (ಆಯುಧಪೂಜೆಗೆ ಗ್ರಿಲ್ಲಿಗೆ ಕಟ್ಟಿದ ಹಾರ, ಬಾಳೆಕಂದನ್ನು ವಾರವಾದರೂ ಬಿಚ್ಚದೆ, ದೃಷ್ಟಿ ತಾಗಿದೆ ಅಂತ ನಿಂಬೆಹಣ್ಣು ತರುವವರೂ ಇದ್ದಾರೆ. ಮೊದಲು ಹಾರ ಬಿಚ್ಚಿ ಮಾರಾಯ್ರೇ.)

ಎಲ್ಲರೂ ಮರೆಯುವ ಸಾಮಾನು ರೇಡಿಯೇಟರ್ ಮುಚ್ಚಳ. ನೀರು ಚೆಲ್ಲದಿರಲಿ ಅಂತ ಇಟ್ಟಿದ್ದು ಅಂದುಕೊಳ್ಳುತ್ತೇವೆ, ಅಲ್ವಾ? ನಿಜಕ್ಕೂ ಅದೊಂದು ವಾಲ್ವ್, ಕುಕ್ಕರಿನ ವೆಯ್ಟ್ ಮಾಡುವ ಕೆಲಸವನ್ನೇ ಮಾಡುತ್ತದೆ. ನೆತ್ತಿಯ ಮೇಲೆ 0.9 ಅಂತ ಬರೆದಿದ್ದರೆ, ಹೊರಗಿನ ಗಾಳಿಗಿಂತ 0.9 ಬಾರ್ ಜಾಸ್ತಿ ಒತ್ತಡ ಆಗುವವರೆಗೂ ಅದು ಬಿಡುವುದಿಲ್ಲ ಅಂತ ಅರ್ಥ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿರುವ ಬೆಂಗಳೂರಿನಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತದೆ. ಮುಚ್ಚಳ ಗಟ್ಟಿಯಿದ್ದರೆ ಅದೇ ನೀರು 117 ಡಿಗ್ರಿಯವರೆಗೂ ಕುದಿಯದೆ ತಡೆದುಕೊಳ್ಳುತ್ತದೆ. ಮುಚ್ಚಳದ ಒಳಗಿನ ರಬ್ಬರ್ ಒಣಗಿ ಬಿರುಕು ಬಿಟ್ಟಿತೋ, ಈ 20 ಡಿಗ್ರಿ ಹೋಯಿತು. ಆಗ ಎಂಜಿನ್ನಿನಲ್ಲಿ ಯಾವ ತೊಂದರೆಯೂ ಇಲ್ಲದೆ ಘಾಟಿಯಲ್ಲಿ ನೀರು ಕುದಿಯುತ್ತದೆ. ನಾವು ಸುಮ್ನೆ ವಾಟರ್ ಪಂಪ್ ಬದಲಾಯಿಸುತ್ತಾ ಕೂರುತ್ತೇವೆ.

ಮುಚ್ಚಳದ ನಡುವೆ ಇನ್ನೊಂದು ಪುಟ್ಟ ವಾಲ್ವ್ ಇದೆ. ಎಂಜಿನ್ ತಣ್ಣಗಾಗಿ ನೀರು ಕುಗ್ಗಿದಾಗ ಪಕ್ಕದ ಪ್ಲಾಸ್ಟಿಕ್ ಡಬ್ಬಿಯಿಂದ ನೀರನ್ನು ವಾಪಸ್ ಎಳೆದುಕೊಳ್ಳಲು ಬಿಡುವುದು ಅದೇ. ಅದು ಕಚ್ಚಿಕೊಂಡರೆ ಬೆಳಿಗ್ಗೆ ಬಾನೆಟ್ ಎತ್ತಿದಾಗ ಹೋಸ್ ಪೈಪು ಚಪ್ಪಟೆಯಾಗಿ ಕಾಣುತ್ತದೆ. ಹಾಗಿದ್ದರೆ ಪೈಪಿಗೆ ಮುಂಚೆ ಮುಚ್ಚಳ ಬದಲಾಯಿಸಿ.

ಬಿಸಿ ಇರುವಾಗ ಮುಚ್ಚಳ ತೆಗೆಯಬೇಡಿ ಅನ್ನುವುದೂ ಇದಕ್ಕೇ. 110 ಡಿಗ್ರಿಯ ನೀರಿನ ಮೇಲಿನ ಒತ್ತಡ ಒಮ್ಮೆಲೇ ಇಳಿದರೆ ನೂರಕ್ಕೆ ಎರಡು ಪಾಲು ನೀರು ಆ ಕ್ಷಣವೇ ಆವಿಯಾಗುತ್ತದೆ. ಎರಡೇ ಪಾಲಾ ಅನ್ನಬೇಡಿ, ಒಂದು ಲೀಟರ್ ನೀರಿಗೆ ಅದು ಸುಮಾರು 30 ಲೀಟರ್ ಆವಿ. ಅದು ಉಳಿದ ನೀರನ್ನೂ ಎತ್ತಿ ಮುಖಕ್ಕೆ ಎರಚುತ್ತದೆ.

ಮೊದಲಿನ ಗಾಡಿಗಳಿಗೆ ಈ ಒತ್ತಡದ ತಾಪತ್ರಯವೇ ಇರಲಿಲ್ಲ. ಕಾರ್ಲ್ ಬೆಂಜ್ ಮಾಡಿದ ಗಾಡಿಯಲ್ಲಿ ನೀರು ಕುದಿದು ಆವಿಯಾಗಿ ಹೋಗುವುದೇ ಕೂಲಿಂಗ್. 1888ರಲ್ಲಿ ಅವನ ಹೆಂಡತಿ ಬರ್ತಾ ಮಕ್ಕಳಿಬ್ಬರನ್ನು ಕೂರಿಸಿಕೊಂಡು ಜರ್ಮನಿಯ ಮ್ಯಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ, ಸುಮಾರು 100 ಕಿಲೋಮೀಟರ್, ದಾರಿಯುದ್ದಕ್ಕೂ ನೀರು ತುಂಬಿಸಿಕೊಳ್ಳುತ್ತಲೇ ಹೋದಳು. ಆಮೇಲೆ ಅಲ್ಲಿನ ಎಂಜಿನಿಯರ್ ವಿಲ್ಹೆಲ್ಮ್ ಮೇಬ್ಯಾಕ್ ಸಾವಿರಾರು ಸಣ್ಣ ಕೊಳವೆಗಳ ರೇಡಿಯೇಟರ್ ತಂದ. ಅದರ ನಂತರವೇ ಅದೇ ನೀರನ್ನು ಮತ್ತೆ ಮತ್ತೆ ತಿರುಗಿಸುವುದು ಚೆನ್ನಾಗಿ ನಡೆಯಿತು.

ಇನ್ನು ಥರ್ಮೋಸ್ಟ್ಯಾಟ್. ಹಿತ್ತಾಳೆಯ ಪುಟ್ಟ ಡಬ್ಬಿಯೊಳಗೆ ಮೇಣ, ಅಷ್ಟೇ. 82 ಡಿಗ್ರಿಯ ಹತ್ತಿರ ಮೇಣ ಕರಗಿ ಹಿಗ್ಗುತ್ತದೆ, ಕಡ್ಡಿಯನ್ನು ತಳ್ಳುತ್ತದೆ, ದಾರಿ ತೆರೆಯುತ್ತದೆ. ಅದನ್ನು ಕಿತ್ತರೆ ಎಂಜಿನ್ ಬೇಗ ಬಿಸಿಯಾಗದೆ ಪೆಟ್ರೋಲ್ ಕುಡಿಯುತ್ತದೆ, ಬೇಗ ಸವೆಯುತ್ತದೆ. ಹಲವು ಎಂಜಿನ್‌ಗಳಲ್ಲಿ ರೇಡಿಯೇಟರ್ ತಪ್ಪಿಸಿ ಹೋಗುವ ಅಡ್ಡದಾರಿಯನ್ನು ಬಿಸಿಯಾದಾಗ ಮುಚ್ಚುವುದೂ ಇದೇ. ಇದನ್ನು ಕಿತ್ತರೆ ಒಂದಷ್ಟು ಬಿಸಿನೀರು ತಣ್ಣಗಾಗದೇ ವಾಪಸ್ ಬರುತ್ತದೆ. ಇದಕ್ಕೆ "ನೀರು ಜೋರಾಗಿ ಹರಿದು ತಣ್ಣಗಾಗಲು ಟೈಮ್ ಸಿಗಲ್ಲ" ಅಂತ ಕೆಲವರು ವಿವರಣೆ ಕೊಡುತ್ತಾರೆ, ಅದು ತಪ್ಪು. ಜೋರಾಗಿ ಹರಿಯುವ ನೀರು ಎಂಜಿನ್ನಿನಲ್ಲೂ ಕಡಿಮೆ ಹೊತ್ತು ಇರುತ್ತದೆ, ಇಡೀ ರೇಡಿಯೇಟರ್ ಬಿಸಿಯಾಗಿದ್ದು ಗಾಳಿಗೆ ಜಾಸ್ತಿಯೇ ಶಾಖ ಕೊಡುತ್ತದೆ. ಅನುಮಾನವಿದ್ದರೆ ಥರ್ಮೋಸ್ಟ್ಯಾಟ್ ಬಿಚ್ಚಿ ನೀರಿನ ಪಾತ್ರೆಯಲ್ಲಿ ದಾರ ಕಟ್ಟಿ ಇಳಿಬಿಟ್ಟು ಕಾಯಿಸಿ. ನೀರು ಕುದಿಯುವ ಮೊದಲೇ ಅದು ಬಾಯಿ ಬಿಡಬೇಕು. ಬಿಡದಿದ್ದರೆ ಹೊಸದು ತನ್ನಿ, ಕಡಿಮೆ ದುಡ್ಡಿನ ಸಾಮಾನು.

ಲೀಕ್ ನಿಲ್ಲಿಸಲು ರೇಡಿಯೇಟರಿಗೆ ಅರಿಶಿನಪುಡಿ ಹಾಕುವ ಉಪಾಯವೂ ಇದೆ. ದಾರಿಯಲ್ಲಿ ಸಿಕ್ಕಿಬಿದ್ದಾಗ ಊರು ಮುಟ್ಟಿಸೀತು. ಆದರೆ ತೂತು ಮುಚ್ಚುವ ಪುಡಿಗೆ ತೂತು ಯಾವುದು, ಕೊಳವೆ ಯಾವುದು ಅಂತ ಗೊತ್ತಾಗುವುದಿಲ್ಲ. ಗಡಸು ಬೋರ್‌ವೆಲ್ ನೀರೂ ಅಷ್ಟೇ, ವರ್ಷಗಟ್ಟಲೆ ಹಾಕಿದರೆ ಒಳಗೆ ಬಿಳಿ ಪದರ ಕಟ್ಟಿ ಶಾಖ ದಾಟದಂತೆ ಮಾಡುತ್ತದೆ. ಕೂಲಂಟ್ ಜೊತೆ ಡಿಸ್ಟಿಲ್ಡ್ ವಾಟರ್ ಹಾಕಿ.

ಮುಳ್ಳನ್ನೂ ಪೂರ್ತಿ ನಂಬಬೇಡಿ. ಏರಿದ ಮುಳ್ಳು ತಟ್ಟನೆ ಕೆಳಗೆ ಬಿದ್ದರೆ ಖುಷಿಪಡುವಂತಿಲ್ಲ. ನೀರು ಖಾಲಿಯಾಗಿ ಸೆನ್ಸರ್ ಬರೀ ಆವಿಯಲ್ಲಿ ಉಳಿದಿರಬಹುದು. ಪಕ್ಕಕ್ಕೆ ನಿಲ್ಲಿಸಿ ಆಫ್ ಮಾಡಿ.

ಇದೆಲ್ಲ ಸರಿಯಿದ್ದೂ ಸ್ಟಾರ್ಟ್ ಮಾಡಿದ ಸ್ವಲ್ಪ ಹೊತ್ತಿಗೇ ಬಿಸಿಯಾಗುತ್ತಿದ್ದರೆ, ಎಂಜಿನ್ ಪೂರ್ತಿ ತಣ್ಣಗಿರುವಾಗ ಮುಚ್ಚಳ ತೆಗೆದಿಟ್ಟು ಸ್ಟಾರ್ಟ್ ಮಾಡಿ. ಗುಳ್ಳೆಗಳು ನಿಲ್ಲದೆ ಬರುತ್ತಿದ್ದರೆ ಸಿಲಿಂಡರಿನ ಗ್ಯಾಸ್ ನೀರಿಗೆ ನುಗ್ಗುತ್ತಿದೆ, ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕಿಗೂ ಅದರ ಮೇಲೆ ಕೂರುವ ಹೆಡ್ಡಿಗೂ ನಡುವಿನ ಸೀಲು) ಹೋಗಿದೆ. ಹೆಡ್ ಇಳಿಸಲೇಬೇಕು. ಇಳಿಸಿದ ಮೇಲೆ ಬೆಂಡ್ ಆಗಿದೆಯಾ ಅಂತ ಲೇತ್‌ನವರ ಹತ್ತಿರ ತೋರಿಸಿ. ಬೆಂಡ್ ಆದ ಹೆಡ್ಡಿಗೆ ಹೊಸ ಗ್ಯಾಸ್ಕೆಟ್ ಹಾಕಿದರೂ ಅದು ಸರಿಯಾಗಿ ಕೂರುವುದಿಲ್ಲ.