ಲೆಪರ್ಡ್ ಗೆಕ್ಕೊಗೆ ಕಣದಂಥ ನೆಲ

ಎಕ್ಸ್-ರೇಯಲ್ಲಿ ಹೊಟ್ಟೆಯ ಜಾಗದಲ್ಲಿ ಬಿಳಿ ಉಂಡೆಯೊಂದು ಕಾಣುತ್ತಿತ್ತು, ಮೂಳೆಗಿಂತಲೂ ಬೆಳ್ಳಗೆ. ಮನೆಯಲ್ಲಿ ಸಾಕುವ ಲೆಪರ್ಡ್ ಗೆಕ್ಕೊ ಎಂಬ ಹಲ್ಲಿಯದು ಆ ಎಕ್ಸ್-ರೇ. ಅದಕ್ಕೆ ಐದು ತಿಂಗಳು, ತೂಕ 12 ಗ್ರಾಂ. ಆ ವಯಸ್ಸಿಗೆ ತೀರ ಕಡಿಮೆ. ಟೆಕ್ಸಸ್‌ನ ನನ್ನ ಕ್ಲಿನಿಕ್‌ಗೆ ಅದನ್ನು ಶೂ ಡಬ್ಬಿಯಲ್ಲಿ ತಂದವನು ಹತ್ತು ವರ್ಷದ ಕನ್ನಡದ ಹುಡುಗ. "ಆಂಟಿ, ಚುಕ್ಕಿ ಒಂಬತ್ತು ದಿನದಿಂದ ಕಕ್ಕ ಮಾಡಿಲ್ಲ, ಹುಳ ಕೊಟ್ಟರೆ ಮುಖ ತಿರುಗಿಸುತ್ತೆ" ಅಂದ. ಅವನಪ್ಪ ಫೋನಿನಲ್ಲಿ ಅದನ್ನಿಟ್ಟ ಗಾಜಿನ ಟ್ಯಾಂಕಿನ ಫೋಟೊ ತೋರಿಸಿದರು. ತಳದ ತುಂಬ ಸಣ್ಣನೆಯ ಕೆಂಪು ಮರಳು. ಕ್ಯಾಲ್ಸಿಯಂ ಮರಳು ಅದು, ತಿಂದರೂ ಜೀರ್ಣವಾಗುತ್ತದೆ ಎಂದು ಪ್ಯಾಕೆಟ್ ಮೇಲೆ ಬರೆದಿತ್ತಂತೆ.

ಆ ಮಾತನ್ನು ನಂಬಬೇಡಿ. ಅದು ಕ್ಯಾಲ್ಸಿಯಂ ಕಾರ್ಬೊನೇಟ್. ಒದ್ದೆಯಾದರೆ ಗಂಟು ಕಟ್ಟುತ್ತದೆ, ಹೊಟ್ಟೆಯ ಆಮ್ಲವನ್ನೂ ಕುಗ್ಗಿಸುತ್ತದೆ. ಮೈಯಲ್ಲಿ ಕ್ಯಾಲ್ಸಿಯಂ ಕಡಿಮೆಯಾದ ಗೆಕ್ಕೊ ಅದನ್ನು ಹುಡುಕಿಕೊಂಡು ಹೋಗಿ ನೆಕ್ಕುತ್ತದೆ. ಹೀಗೆ ಹೊಟ್ಟೆ ಕಟ್ಟಿದ ಗೆಕ್ಕೊ ಮೊದಲು ತಿನ್ನುವುದನ್ನು ಬಿಡುತ್ತದೆ, ಮೂಲೆ ಹಿಡಿಯುತ್ತದೆ, ಹಿಕ್ಕೆ ಹಾಕಲು ತಿಣುಕುತ್ತದೆ. ಮುಂದುವರಿದರೆ ಹಿಂಗಾಲು ಎಳೆಯಲು ಶುರುಮಾಡುತ್ತದೆ.

ಹಾಗಂತ ಮರಳೊಂದನ್ನೇ ದೂರಿದರೆ ಅರ್ಧ ಮಾತು ಹೇಳಿದಂತೆ. ನಾನು ಕೇಳಿದ ಮೊದಲ ಪ್ರಶ್ನೆ ಶಾಖದ್ದು. ಬೆಚ್ಚನೆಯ ಬದಿಯ ನೆಲ ಎಷ್ಟು ಡಿಗ್ರಿ ಇದೆ? ಅವರಿಗೆ ಗೊತ್ತಿರಲಿಲ್ಲ. ಮನೆಗೆ ಹೋಗಿ ಅಳೆದು ಹೇಳಿದರು: 76 ಫ್ಯಾರನ್‌ಹೀಟ್, ಅಂದರೆ 24 ಸೆಲ್ಸಿಯಸ್. ಗೆಕ್ಕೊ ಹೊಟ್ಟೆಯೂರಿ ಮಲಗುವ ಜಾಗದಲ್ಲಿ 32ರಿಂದ 34 ಸೆಲ್ಸಿಯಸ್ ಇರಬೇಕು. ಅಷ್ಟು ಕಾವಿಲ್ಲದಿದ್ದರೆ ಕರುಳು ನಿಧಾನವಾಗುತ್ತದೆ, ತಿಂದ ಹುಳುವೇ ಮುಂದೆ ಸಾಗುವುದಿಲ್ಲ, ಇನ್ನು ಮರಳು ಹೇಗೆ ಸಾಗೀತು? ಹುಳುಗಳ ಮೇಲೆ ಉದುರಿಸಬೇಕಾದ ಕ್ಯಾಲ್ಸಿಯಂ ಪುಡಿಯ ಡಬ್ಬಿಯ ಸೀಲೂ ಒಡೆದಿರಲಿಲ್ಲ. ಕಾವು, ಕ್ಯಾಲ್ಸಿಯಂ, ನೀರು ಮೂರೂ ಸರಿಯಿರುವ ದೊಡ್ಡ ಗೆಕ್ಕೊ ಬೇಟೆಯ ಭರದಲ್ಲಿ ನಾಲ್ಕು ಕಾಳು ಮಣ್ಣು ನುಂಗಿದರೆ ಅದು ಹಿಕ್ಕೆಯ ಜೊತೆ ಹೊರಗೆ ಹೋಗುತ್ತದೆ. ನೆಲ ಅಪಾಯಕಾರಿಯಾಗುವುದು ಈ ಮೂರರಲ್ಲಿ ಒಂದು ತಪ್ಪಿದಾಗ.

ಚುಕ್ಕಿಗೆ ಚರ್ಮದಡಿ ದ್ರವ ಕೊಟ್ಟೆವು, ದಿನಕ್ಕೆರಡು ಸಲ ಉಗುರುಬೆಚ್ಚಗಿನ ನೀರಿನಲ್ಲಿ ಕೂರಿಸಿದೆವು, ಮಲ ಸಡಿಲವಾಗುವ ಔಷಧಿ ಹಾಕಿದೆವು. ನಾಲ್ಕನೆಯ ದಿನ ಕೆಂಪು ಮರಳಿನ ಗಟ್ಟಿ ತುಂಡೊಂದು ಹೊರಬಂತು. ಎಲ್ಲ ಪ್ರಾಣಿಗಳಿಗೂ ಆ ಅದೃಷ್ಟ ಇರುವುದಿಲ್ಲ, ಕೆಲವಕ್ಕೆ ಹೊಟ್ಟೆ ಕೊಯ್ಯಬೇಕಾಗುತ್ತದೆ. ಒಂದು ಎಚ್ಚರಿಕೆ: ಮನೆಯಲ್ಲೇ ಬಾಯಿಗೆ ಎಣ್ಣೆ ಹಾಕಬೇಡಿ. ಅದು ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗುತ್ತದೆ.

ಹಾಗಾದರೆ ಏನು ಹಾಸಬೇಕು? ಹೊಸದಾಗಿ ತಂದ, ಎಳೆಯ ಅಥವಾ ಕಾಯಿಲೆಯ ಗೆಕ್ಕೊಗೆ ಅಡುಗೆಮನೆಯ ಪೇಪರ್ ಟವೆಲ್. ನೋಡಲು ಚೆಂದವಿಲ್ಲ, ಆದರೆ ಮೊದಲ ಎರಡು ಮೂರು ತಿಂಗಳು ಅದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ಬಿಳಿ ಕಾಗದದ ಮೇಲೆ ಹಿಕ್ಕೆ ಹೇಗಿದೆ ಎಂದು ದಿನಾ ಕಾಣುತ್ತದೆ. ಕ್ರಿಪ್ಟೊಸ್ಪೊರಿಡಿಯಂ ಎಂಬ ಪರಾವಲಂಬಿ ತಗುಲಿದ ಗೆಕ್ಕೊದ ದಪ್ಪ ಬಾಲ ಕಡ್ಡಿಯಂತೆ ಸೊರಗುತ್ತದೆ, ಮಾಮೂಲಿ ಬ್ಲೀಚಿಗೆ ಆ ಜೀವಿ ಬಗ್ಗುವುದಿಲ್ಲ. ಕಾಗದವಾದರೆ ಸುತ್ತಿ ಎಸೆಯಬಹುದು. ಮಣ್ಣು ಹಾಕಿದ ಮೇಲೆ ರೋಗ ಗೊತ್ತಾದರೆ ಇಡೀ ಟ್ಯಾಂಕೇ ಹೋಯಿತು.

ಸ್ಲೇಟ್ ಕಲ್ಲು, ಒರಟು ಮೈಯ ಟೈಲ್ಸ್ ಕೂಡ ಒಳ್ಳೆಯವು. ಕಾವು ಹಿಡಿದಿಟ್ಟುಕೊಳ್ಳುತ್ತವೆ, ಉಗುರು ಸವೆಸುತ್ತವೆ. ಸಂದುಗಳನ್ನು ಮಾತ್ರ ಮುಚ್ಚಿ, ಇಲ್ಲದಿದ್ದರೆ ಕ್ರಿಕೆಟ್ ಹುಳುಗಳೆಲ್ಲ ಅಡಿಗೆ ಸೇರಿಕೊಳ್ಳುತ್ತವೆ. ರೆಪ್ಟೈಲ್ ಕಾರ್ಪೆಟ್ ನನಗೆ ಇಷ್ಟವಿಲ್ಲ. ಅದರ ನೂಲಿಗೆ ಉಗುರು ಸಿಕ್ಕಿ ಬೆರಳು ಊದಿಕೊಂಡ ಗೆಕ್ಕೊಗಳನ್ನು ನೋಡಿದ್ದೇನೆ, ತೊಳೆದರೂ ಕೊಳೆ ಪೂರ್ತಿ ಹೋಗುವುದಿಲ್ಲ. ವಾಲ್‌ನಟ್ ಚಿಪ್ಪಿನ ಚೂರು ಚೂಪಾಗಿರುತ್ತದೆ, ಸೀಡರ್ ಮತ್ತು ಪೈನ್ ಮರದ ಹೊಟ್ಟಿನ ಘಾಟು ಉಸಿರಿಗೆ ಕೆಟ್ಟದ್ದು. ಇವೆರಡನ್ನೂ ತರಲೇಬೇಡಿ. ತೆಂಗಿನ ನಾರಿನ ಪುಡಿಯೊಂದನ್ನೇ ಹಾಸಿದರೆ ಒಣಗಿದಾಗ ಧೂಳು, ನೆನೆದಾಗ ಬೂಷ್ಟು.

ಈಗ ನನಗೆ ತುಂಬ ಪ್ರೀತಿಯ ವಿಷಯಕ್ಕೆ ಬರುತ್ತೇನೆ. ಲೆಪರ್ಡ್ ಗೆಕ್ಕೊ ಮರುಭೂಮಿಯ ಮರಳುದಿಬ್ಬದ ಪ್ರಾಣಿ ಎಂದು ಬಹಳ ಜನ ತಿಳಿದಿದ್ದಾರೆ. ಅಲ್ಲ. ಅದರ ತವರು ಅಫ್ಘಾನಿಸ್ತಾನ, ಪಾಕಿಸ್ತಾನ, ವಾಯವ್ಯ ಭಾರತದ ಕಲ್ಲುಗುಡ್ಡಗಳು. ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯ ಮ್ಯೂಸಿಯಂ ನೋಡಿಕೊಳ್ಳುತ್ತಿದ್ದ ಎಡ್ವರ್ಡ್ ಬ್ಲೈತ್ 1854ರಲ್ಲಿ ಇದಕ್ಕೆ ಹೆಸರಿಟ್ಟದ್ದು ಪಂಜಾಬಿನ ಸಾಲ್ಟ್ ರೇಂಜ್ ಬೆಟ್ಟಸಾಲಿನ ಮಾದರಿಗಳಿಂದ. ನಮ್ಮ ಮನೆಯ ಹಲ್ಲಿಯಂತೆ ಗೋಡೆ ಹತ್ತುವ ಅಂಟುಪಾದ ಇದಕ್ಕಿಲ್ಲ. ಇರುವುದು ಉಗುರು. ಗಟ್ಟಿ ಮಣ್ಣು ಕೆರೆದು, ಬಂಡೆಯ ಸಂದಿಯಲ್ಲಿ ಹಗಲು ಕಳೆದು, ಮುಸ್ಸಂಜೆಗೆ ಹೊರಬರುವ ಜೀವ.

ಅದಕ್ಕೆ ಬೇಕಾದ್ದು ಕಣದಂಥ ನೆಲ. ಸುಗ್ಗಿಗೆ ಮುಂಚೆ ನಮ್ಮಲ್ಲಿ ಕಣ ಮಾಡುತ್ತಿದ್ದದ್ದು ನೆನಪಿದೆಯಲ್ಲ? ನೀರು ಚಿಮುಕಿಸಿ, ಬಡಿದು, ಸಾರಿಸಿ, ಕಾಳು ಮಣ್ಣಿಗೆ ಬೆರೆಯದಷ್ಟು ಗಟ್ಟಿ ಮಾಡುತ್ತಿದ್ದರು. ಸಗಣಿ ಬಿಟ್ಟು ಇಲ್ಲಿಯೂ ಕೆಲಸ ಅದೇ. ಗೊಬ್ಬರ, ಪರ್ಲೈಟ್ (ಕುಂಡದ ಮಣ್ಣಿಗೆ ಬೆರೆಸುವ ಹಗುರ ಬಿಳಿ ಕಾಳು) ಏನೂ ಸೇರದ ಮೇಲ್ಮಣ್ಣು ಏಳು ಪಾಲು, ತೊಳೆದ ಪ್ಲೇ ಸ್ಯಾಂಡ್, ಅಂದರೆ ಮಕ್ಕಳ ಆಟದ ಮರಳು, ಮೂರು ಪಾಲು. ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಲ್ಲಬೇಕು, ಹಿಂಡಿದರೆ ನೀರು ಒಸರಬಾರದು, ಅಷ್ಟು ಹದಕ್ಕೆ ನೆನೆಸಿ. ಮೂರು ನಾಲ್ಕು ಇಂಚು ಹರಡಿ, ಅಂಗೈಯಿಂದ ಒತ್ತಿ, ಚಪ್ಪಟೆ ಕಲ್ಲುಗಳನ್ನು ಟ್ಯಾಂಕಿನ ತಳಕ್ಕೇ ತಾಗುವಂತೆ ಕೂರಿಸಿ. ಮಣ್ಣಿನ ಮೇಲೆ ಕೂರಿಸಿದ ಕಲ್ಲಿನಡಿ ಗೆಕ್ಕೊ ತೋಡಿದರೆ ಕಲ್ಲು ಅದರ ಮೇಲೇ ಕುಸಿಯುತ್ತದೆ. ವಾರ, ಹತ್ತು ದಿನ ಒಣಗಲು ಬಿಡಿ. ಬೆರಳಿನಿಂದ ಕೆರೆದರೆ ಪುಡಿ ಏಳಬಾರದು.

ಟ್ಯಾಂಕಿನಡಿ ಹೀಟ್ ಮ್ಯಾಟ್ ಇರುವವರು ಮಣ್ಣು ಹಾಕಬೇಡಿ. ಕಾವು ಮೇಲೆ ಬಾರದೆ ಅಡಿಯಲ್ಲೇ ಕೂಡಿಕೊಳ್ಳುತ್ತದೆ, ತೋಡಿಕೊಂಡು ಇಳಿದ ಗೆಕ್ಕೊದ ಹೊಟ್ಟೆ ಸುಡುತ್ತದೆ. ಮೇಲಿನಿಂದ ದೀಪದ ಶಾಖ, ಅದಕ್ಕೊಂದು ಥರ್ಮೊಸ್ಟಾಟ್. ನೆಲ ಒಣಗಿದ್ದರೂ ಒಂದು ಮೂಲೆಯಲ್ಲಿ ಒದ್ದೆ ಪಾಚಿ ತುಂಬಿದ ಮುಚ್ಚಳದ ಡಬ್ಬಿ, ಒಳಹೋಗಲು ತೂತು ಮಾಡಿ, ಇಟ್ಟಿರಬೇಕು. ಪೊರೆ ಬಿಡುವಾಗ ತೇವ ಸಿಗದಿದ್ದರೆ ಬೆರಳಿನ ಪೊರೆ ದಾರದಂತೆ ಬಿಗಿದು ಬೆರಳೇ ಉದುರುತ್ತದೆ. ಹುಳುಗಳನ್ನು ಚಿಮುಟದಿಂದ ಕೊಡಿ ಅಥವಾ ಬಟ್ಟಲಲ್ಲಿ ಹಾಕಿ. ಗೆಕ್ಕೊ ಸಾಮಾನ್ಯವಾಗಿ ಒಂದೇ ಮೂಲೆಯಲ್ಲಿ ಹಿಕ್ಕೆ ಹಾಕುವುದರಿಂದ ಚೊಕ್ಕಟ ಮಾಡುವುದು ಕಷ್ಟವಿಲ್ಲ.

ಚುಕ್ಕಿ ಐದು ತಿಂಗಳು ಪೇಪರ್ ಟವೆಲ್ ಮೇಲಿತ್ತು. ತೂಕ 38 ಗ್ರಾಂ ಆಗಿ, ಹಿಕ್ಕೆ ಪರೀಕ್ಷೆ ಎರಡು ಸಲ ಸರಿ ಬಂದ ಮೇಲೆ ಅಪ್ಪ, ಮಗ ಸೇರಿ ಮಣ್ಣಿನ ನೆಲ ಮಾಡಿದರು. ಮೂರನೆಯ ದಿನ ಹುಡುಗ ಒಂದು ಫೋಟೊ ಕಳಿಸಿದ. ಸ್ಲೇಟ್ ಕಲ್ಲಿನ ಪಕ್ಕ ಬೊಗಸೆಯಷ್ಟು ಗುಳಿ, ಅದರ ಬಾಯಲ್ಲಿ ಒಂದು ಹಿಡಿ ಕೆರೆದ ಮಣ್ಣು, ಒಳಗಿನಿಂದ ದಪ್ಪ ಬಾಲದ ತುದಿಯಷ್ಟೇ ಕಾಣುತ್ತಿತ್ತು.