ಮದುವೆ ಫೋಟೊ ತೆಗೆಯಲು ಎಷ್ಟು ಮೆಗಾಪಿಕ್ಸೆಲ್ ಕ್ಯಾಮೆರಾ ಬೇಕು?

ಪ್ರಶ್ನೆ: “ಸಾರ್, ನಮ್ಮದು ಸಾಗರ ತಾಲ್ಲೂಕು. ಡಿಗ್ರಿ ಮುಗಿಸಿ ಊರಲ್ಲೇ ಮದುವೆ, ಗೃಹಪ್ರವೇಶಗಳ ಫೋಟೊ ತೆಗೆಯುವ ಕೆಲಸ ಶುರು ಮಾಡಬೇಕೆಂದಿದ್ದೇನೆ. ಈ ಸಲ ಅಡಿಕೆ ಮಾರಿದ ಹಣದಲ್ಲಿ ಮೂರು ಲಕ್ಷ ಕೊಡಲು ಅಪ್ಪ ಒಪ್ಪಿದ್ದಾರೆ. 24 ಮೆಗಾಪಿಕ್ಸೆಲ್ ಸಾಕೇ, 45ರದ್ದೇ ಬೇಕೇ? ನನ್ನ ಫೋನಿನಲ್ಲೇ 108 ಇದೆಯಲ್ಲ?”

24 ಸಾಕು. 20 ಇದ್ದರೂ ಸಾಕು. ಉತ್ತರ ಇಷ್ಟೇ. ಆದರೆ ಇದೇ ಪ್ರಶ್ನೆ ತಿಂಗಳಿಗೆ ನಾಲ್ಕೈದು ಸಲವಾದರೂ ನನ್ನ ಮುಂದೆ ಬರುತ್ತದೆ, ಮತ್ತು ಉತ್ತರ ಕೇಳಿ ತಲೆಯಾಡಿಸಿ ಹೋದವರಲ್ಲಿ ಎಷ್ಟೋ ಜನ ಕೊನೆಗೆ ದೊಡ್ಡ ಅಂಕಿಯ ಕ್ಯಾಮೆರಾವನ್ನೇ ಕೊಂಡು, ಲೆನ್ಸಿಗೆ ದುಡ್ಡು ಉಳಿಯಲಿಲ್ಲವೆಂದು ಮತ್ತೆ ಬರುತ್ತಾರೆ. ಆದ್ದರಿಂದ ಈ ಬಾರಿ ಕಾರಣವನ್ನು ಲೆಕ್ಕ ಸಮೇತ ಬರೆಯುತ್ತಿದ್ದೇನೆ. ದಯವಿಟ್ಟು ಒಂದು ಹಾಳೆ, ಒಂದು ಪೆನ್ನು ಹತ್ತಿರ ಇಟ್ಟುಕೊಂಡು ಓದಿ.

ಮೆಗಾಪಿಕ್ಸೆಲ್ ಎಂದರೆ ಚಿತ್ರದಲ್ಲಿರುವ ಚುಕ್ಕಿಗಳ ಎಣಿಕೆ, ಹತ್ತು ಲಕ್ಷಕ್ಕೆ ಒಂದರಂತೆ. 24 ಮೆಗಾಪಿಕ್ಸೆಲ್ ಚಿತ್ರದಲ್ಲಿ ಅಡ್ಡಕ್ಕೆ 6000, ಎತ್ತರಕ್ಕೆ 4000 ಚುಕ್ಕಿಗಳಿರುತ್ತವೆ. ಇನ್ನು ನೀವು ಗಿರಾಕಿಗೆ ಕೊಡುವ ಆಲ್ಬಮ್ ನೋಡಿ. ಸಾಮಾನ್ಯವಾಗಿ ನಡೆಯುವ ಅಳತೆಯಲ್ಲಿ ಬಿಡಿಸಿಟ್ಟ ಹಾಳೆ 12ಕ್ಕೆ 36 ಇಂಚು, ಅಂದರೆ ಒಂದು ಪುಟ 12ಕ್ಕೆ 18 ಇಂಚು. ಮುದ್ರಣದವರು ಬಯಸುವ ಇಂಚಿಗೆ 300 ಚುಕ್ಕಿಯ ಲೆಕ್ಕದಲ್ಲಿ ಒಂದು ಪುಟ ತುಂಬಲು 5400ಕ್ಕೆ 3600, ಅಂದರೆ 19.4 ಮೆಗಾಪಿಕ್ಸೆಲ್ ಸಾಕಾಗುತ್ತದೆ. ಅದೂ ಇಡೀ ಪುಟಕ್ಕೆ ಒಂದೇ ಚಿತ್ರ ಹಾಕಿದಾಗ. ನಾಲ್ಕೈದು ಚಿತ್ರ ಜೋಡಿಸಿದ ಪುಟದಲ್ಲಿ ಒಂದೊಂದು ಚಿತ್ರಕ್ಕೆ ಇದರ ಸುಮಾರು ಕಾಲು ಭಾಗ ಸಾಕು. ವಧೂವರರ ಒಂದೇ ಚಿತ್ರವನ್ನು ಎರಡೂ ಪುಟದ ಉದ್ದಕ್ಕೆ ಹರಡಿದರೂ 6000 ಚುಕ್ಕಿಗಳನ್ನು 36 ಇಂಚಿಗೆ ಹಂಚಿದಾಗ ಇಂಚಿಗೆ 166 ಸಿಗುತ್ತದೆ, ಮತ್ತು ಆಲ್ಬಮ್ಮನ್ನು ತೊಡೆಯ ಮೇಲಿಟ್ಟುಕೊಂಡು ನೋಡುವವರಿಗೆ ಅದರಲ್ಲಿ ಕೊರತೆ ಕಾಣುವುದಿಲ್ಲ. ಕಲ್ಯಾಣಮಂಟಪದ ಬಾಗಿಲಿನ ಹತ್ತಡಿ ಫ್ಲೆಕ್ಸಿಗೆ ಇಂಚಿಗೆ 50 ಚುಕ್ಕಿ ಬಿದ್ದರೂ ರಸ್ತೆಯಿಂದ ನೋಡುವ ಕಣ್ಣಿಗೆ ಧಾರಾಳವಾಯಿತು.

45 ಮೆಗಾಪಿಕ್ಸೆಲ್ ಎಂದಾಗ 24ರ ಹೆಚ್ಚುಕಡಿಮೆ ಎರಡರಷ್ಟು ಎಂದು ಮನಸ್ಸು ಎಣಿಸುತ್ತದೆ. ಆದರೆ ಚಿತ್ರದ ಅಗಲ 6000ದಿಂದ ಸುಮಾರು 8250ಕ್ಕೆ ಏರುತ್ತದೆ, ಅಷ್ಟೇ. ಎರಡರಷ್ಟಾಗುವುದು ಫೈಲಿನ ಗಾತ್ರ ಮಾತ್ರ. ಒಂದು ಮದುವೆಗೆ ಎರಡು ಸಾವಿರ ಚಿತ್ರ ತೆಗೆದರೆ, ರಾ ಫೈಲ್ (ಕ್ಯಾಮೆರಾ ತಿದ್ದದೆ ಕೊಡುವ ಮೂಲ ಫೈಲ್) ಒಂದಕ್ಕೆ 50 ಎಂಬಿಯಂತೆ 100 ಜಿಬಿ ತುಂಬುತ್ತದೆ. ಅದನ್ನು ಎರಡು ಹಾರ್ಡ್‌ಡಿಸ್ಕಿನಲ್ಲಿ ಇಡಬೇಕು, ತೆರೆದು ತಿದ್ದಲು ದುಬಾರಿ ಕಂಪ್ಯೂಟರೂ ಬೇಕು.

ಫೋನಿನ 108ರ ವಿಷಯಕ್ಕೆ ಬರೋಣ, ಏಕೆಂದರೆ ತಪ್ಪು ತಿಳಿವಳಿಕೆಯ ಬೇರು ಅಲ್ಲೇ ಇದೆ. 2020ರಲ್ಲಿ ಬಂದ ಸ್ಯಾಮ್‌ಸಂಗ್ ಎಸ್20 ಅಲ್ಟ್ರಾ ಫೋನಿನಲ್ಲಿ 108 ಮೆಗಾಪಿಕ್ಸೆಲ್ ಇತ್ತು. ಅದೇ ವರ್ಷ ಕ್ರೀಡೆ ಮತ್ತು ಪತ್ರಿಕಾ ಛಾಯಾಗ್ರಾಹಕರಿಗೆಂದು ಬಂದ ಅತಿ ದುಬಾರಿ ಕ್ಯಾಮೆರಾಗಳಾದ ಕ್ಯಾನನ್ 1ಡಿಎಕ್ಸ್ ಮಾರ್ಕ್ 3 ಮತ್ತು ನಿಕಾನ್ ಡಿ6 ಎರಡರಲ್ಲೂ ಇದ್ದದ್ದು 20 ಚಿಲ್ಲರೆ. ಸೋನಿ ಎ7ಎಸ್ 3ರಲ್ಲಿ ಇದ್ದದ್ದು ಬರೀ 12. ಅಂಕಿಯೇ ಗುಣವಾಗಿದ್ದರೆ ಈ ಮೂರೂ ಕಂಪನಿಗಳು ಹೀಗೆ ಮಾಡುತ್ತಿರಲಿಲ್ಲ. ಆ ಫೋನಿನ ಸೆನ್ಸರ್, ಅಂದರೆ ಬೆಳಕು ಹಿಡಿದು ಚಿತ್ರವಾಗಿಸುವ ಚಿಪ್, ಸುಮಾರು 9.6 ಮಿಲಿಮೀಟರ್ ಅಗಲ, 7.2 ಎತ್ತರ; ಫುಲ್‌ಫ್ರೇಮ್ ಕ್ಯಾಮೆರಾದ್ದು (ಹಳೆಯ ಫಿಲ್ಮಿನ ಅಳತೆಯದು) 36 ಅಗಲ, 24 ಎತ್ತರ. ಗುಣಿಸಿ ನೋಡಿ, ಹನ್ನೆರಡೂವರೆ ಪಟ್ಟು ದೊಡ್ಡದು. ಆ ಫೋನು ತಾನಾಗಿಯೇ ಒಂಬತ್ತೊಂಬತ್ತು ಚುಕ್ಕಿಗಳನ್ನು ಒಂದಾಗಿ ಸೇರಿಸಿ ನಿಮಗೆ ಕೊಡುವುದೂ 12 ಮೆಗಾಪಿಕ್ಸೆಲ್ ಚಿತ್ರವನ್ನೇ.

ಮನೆಯಂಗಳದಲ್ಲಿ ಬೇಯಿಸಿದ ಅಡಿಕೆ ಒಣಹಾಕುವುದನ್ನು ನೀವು ಬಾಲ್ಯದಿಂದ ನೋಡಿದ್ದೀರಿ. ಅಂಗಳದಲ್ಲಿ 24 ದೊಡ್ಡ ತಟ್ಟಿ ಹಾಸಿದರೂ 45 ಸಣ್ಣ ತಟ್ಟಿ ಹಾಸಿದರೂ ಅಂಗಳಕ್ಕೆ ಬೀಳುವ ಬಿಸಿಲು ಅಷ್ಟೇ. ಬಿಸಿಲು ಹೆಚ್ಚು ಬೇಕೆಂದರೆ ಅಂಗಳ ದೊಡ್ಡದಾಗಬೇಕು, ಇಲ್ಲವೇ ಮೇಲೆ ಕವಿದ ಮರದ ಕೊಂಬೆ ಕಡಿಯಬೇಕು. ಅಂಗಳವೇ ಸೆನ್ಸರ್, ತಟ್ಟಿಗಳೇ ಪಿಕ್ಸೆಲ್. ಪಿಕ್ಸೆಲ್ ಕಡಿಮೆಯಿದ್ದಷ್ಟೂ ಒಳ್ಳೆಯದು ಎಂದು ಕೆಲವರು ತಿರುಗಿಸಿ ಹೇಳುವುದುಂಟು, ಅದೂ ತಪ್ಪು. ಒಂದೇ ಅಳತೆಯ ಸೆನ್ಸರಿನಿಂದ ಬಂದ 24ರ ಮತ್ತು 45ರ ಚಿತ್ರಗಳನ್ನು ಒಂದೇ ಅಳತೆಯಲ್ಲಿ ಮುದ್ರಿಸಿದರೆ ಕತ್ತಲಿನಲ್ಲಿ ತೆಗೆದಾಗ ಕಾಣುವ ಕಾಳುಕಾಳು ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. ತಟ್ಟಿ ಎಣಿಸುವುದನ್ನು ಬಿಟ್ಟು ಬಿಸಿಲು ನೋಡಿ ಎನ್ನುವುದಷ್ಟೇ ನನ್ನ ಮಾತು.

ಆ ಬಿಸಿಲನ್ನು ಒಳಗೆ ಬಿಡುವುದು ಲೆನ್ಸು. ನಮ್ಮ ಹಳೆಯ ಮನೆಗಳ ಬೆಳಕಿಂಡಿಯಂತೆ ಲೆನ್ಸಿನ ದ್ವಾರ ಅಗಲವಿದ್ದಷ್ಟೂ ಒಳಗೆ ಬೆಳಕು ಹೆಚ್ಚು. ಆ ಅಗಲವನ್ನು ಎಫ್ ಅಂಕಿಯಲ್ಲಿ ಹೇಳುತ್ತಾರೆ, ಅಂಕಿ ಸಣ್ಣದಾದಷ್ಟೂ ದ್ವಾರ ದೊಡ್ಡದು. ಕ್ಯಾಮೆರಾದ ಜೊತೆಗೆ ಬರುವ ಸಾಧಾರಣ ಜೂಮ್ ಲೆನ್ಸ್ ಪೂರ್ತಿ ಎಳೆದಾಗ ಎಫ್ 5.6ಕ್ಕೆ ಇಳಿದುಬಿಡುತ್ತದೆ, ಎಫ್ 2.8ರ ಲೆನ್ಸ್ ಅದರ ನಾಲ್ಕು ಪಟ್ಟು, ಎಫ್ 2 ಎಂಟು ಪಟ್ಟು ಬೆಳಕು ಕೊಡುತ್ತದೆ.

ಹೊಸನಗರದ ಕಡೆಯ ಒಂದು ಮನೆ ಮದುವೆಯಲ್ಲಿ ಇದು ನನ್ನ ಕಣ್ಣೆದುರೇ ನಡೆಯಿತು. ಮಳೆಗೆಂದು ಚಪ್ಪರದ ಮೇಲೆ ನೀಲಿ ಟಾರ್ಪಾಲು ಹೊದಿಸಿದ್ದರು, ಮುಹೂರ್ತದ ಹೊತ್ತಿಗೆ ಮೋಡ ಕವಿದು ಕರೆಂಟೂ ಹೋಯಿತು. ಜೊತೆಗೆ ಬಂದಿದ್ದ ಹುಡುಗನ ಕೈಯಲ್ಲಿ 45 ಮೆಗಾಪಿಕ್ಸೆಲ್‌ನ ಹೊಸ ಕ್ಯಾಮೆರಾ, ಅದಕ್ಕೆ ಎಫ್ 5.6ರ ಜೂಮ್. ನನ್ನದು 20 ಮೆಗಾಪಿಕ್ಸೆಲ್‌ನ ಹಳೆಯ ಕ್ಯಾಮೆರಾ, 50 ಎಂಎಂ ಲೆನ್ಸ್, ಎಫ್ 2ಕ್ಕೆ ಇಟ್ಟದ್ದು. ಇಬ್ಬರ ಐಎಸ್ಒ (ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಎನ್ನುವ ಅಂಕಿ) ಒಂದೇ ಆಗಿದ್ದರೂ ಅವನು ಸೆಕೆಂಡಿನ 15ನೇ ಒಂದು ಭಾಗದಷ್ಟು ಹೊತ್ತು ಶಟರ್ ತೆರೆದಿಡಬೇಕಾಯಿತು, ನನಗೆ 125ನೇ ಒಂದು ಭಾಗ ಸಾಕಾಯಿತು. ಅಂತರಪಟ ಸರಿಯಿತು, ಜೀರಿಗೆ ಬೆಲ್ಲ ಹಿಡಿದ ಕೈಗಳು ಮೇಲೆದ್ದವು, ಎರಡೇ ಕ್ಷಣದಲ್ಲಿ ಮುಗಿದೂ ಹೋಯಿತು. ಅವನ ಚಿತ್ರಗಳಲ್ಲಿ ಕೈಗಳಿದ್ದ ಜಾಗದಲ್ಲಿ ಬಿಳಿಚಿದ ಗೆರೆಗಳಿದ್ದವು. ನನ್ನದರಲ್ಲಿ ಬಾಸಿಂಗದ ಮುತ್ತುಗಳನ್ನು ಎಣಿಸಬಹುದಿತ್ತು. ಟಾರ್ಪಾಲಿನ ನೀಲಿ ಇಬ್ಬರ ಚಿತ್ರಗಳಲ್ಲೂ ಮುಖಕ್ಕೆ ಬಳಿದುಕೊಂಡಿತ್ತು. ರಾ ಫೈಲ್ ಆಗಿದ್ದರಿಂದ ಬಣ್ಣ ತಿದ್ದಿದೆ, ಆದರೆ ಅಲುಗಿದ ಕೈಯನ್ನು ತಿದ್ದಲು ಆಗಲಿಲ್ಲ. ಆ ಹುಡುಗ ಬುದ್ಧಿವಂತ, ಮುಂದಿನ ಮದುವೆಗೆ ಬರುವಾಗ ಎಫ್ 1.8ರ ಲೆನ್ಸ್ ತಂದಿದ್ದ.

ಹಾಗಾದರೆ ಏನು ಕೊಳ್ಳಬೇಕು? ಮೂರು ಲಕ್ಷದಲ್ಲಿ ಕ್ಯಾಮೆರಾಕ್ಕೆ ಅರ್ಧಕ್ಕಿಂತ ಹೆಚ್ಚು ಹಾಕಬೇಡಿ. 20ರಿಂದ 24 ಮೆಗಾಪಿಕ್ಸೆಲ್‌ನ, ಕಣ್ಣು ಗುರುತಿಸಿ ಫೋಕಸ್ ಮಾಡುವ, ಒಳಗೆ ಕನ್ನಡಿಯಿಲ್ಲದ ಹೊಸ ಬಗೆಯ ಮಿರರ್‌ಲೆಸ್ ಕ್ಯಾಮೆರಾ ಇರಲಿ, ಕಂಪನಿ ಯಾವುದಾದರೂ ಸರಿ. ಆದರೆ ಎರಡು ಮೆಮೊರಿ ಕಾರ್ಡ್ ಹಾಕುವ ಜಾಗ ಕಡ್ಡಾಯವಾಗಿ ಇರಬೇಕು, ಏಕೆಂದರೆ ಕಾರ್ಡ್ ಕೆಟ್ಟಿತೆಂದು ಧಾರೆಯನ್ನು ಮತ್ತೊಮ್ಮೆ ಎರೆಸಲು ಆಗುವುದಿಲ್ಲ. ಎಫ್ 2.8ರ 24–70 ಅಥವಾ 28–75 ಎಂಎಂ ಜೂಮ್ ಒಂದು, ಎಫ್ 1.8ರ 50 ಎಂಎಂ ಲೆನ್ಸ್ ಒಂದು, ಫ್ಲ್ಯಾಷ್ ಎರಡು, ಬ್ಯಾಟರಿ ಕನಿಷ್ಠ ಮೂರು. ದೂರದ ಜೂಮ್ ಬೇಕಾದ ದಿನ ಬಾಡಿಗೆಗೆ ತನ್ನಿ. ಫ್ಲ್ಯಾಷಿನ ಬೆಳಕನ್ನು ಚಾವಣಿಗೆ ಹಾಯಿಸಿ, ಅಲ್ಲಿಂದ ಮರಳುವ ಬೆಳಕಿನಲ್ಲಿ ತೆಗೆಯಿರಿ ಎಂದು ಎಲ್ಲ ಪಾಠಗಳಲ್ಲೂ ಹೇಳುತ್ತಾರೆ, ಆದರೆ ನಮ್ಮ ಹಳೆಯ ಮನೆಗಳ ಮರದ ಮುಚ್ಚಿಗೆ ಬೆಳಕನ್ನು ನುಂಗಿ, ಉಳಿದಷ್ಟನ್ನು ಕಂದು ಬಣ್ಣ ಹಚ್ಚಿ ಕಳಿಸುತ್ತದೆ. ಅಲ್ಲಿ ಪಕ್ಕದ ಸುಣ್ಣದ ಗೋಡೆಗೆ ಹಾಯಿಸಬೇಕು, ಅದೂ ಇಲ್ಲವೆಂದರೆ ಬಿಳಿ ಪಂಚೆಯೊಂದನ್ನು ಎತ್ತಿ ಹಿಡಿಸಬೇಕು. ಹಳೆಯ ಡಿಎಸ್ಎಲ್ಆರ್ (ಒಳಗೆ ಕನ್ನಡಿಯಿರುವ ಕ್ಯಾಮೆರಾ) ಅಗ್ಗಕ್ಕೆ ಸಿಕ್ಕರೆ ಎರಡನೆಯ ಕ್ಯಾಮೆರಾ ಆಗಿ ತೆಗೆದುಕೊಳ್ಳುವುದರಲ್ಲಿ ತಪ್ಪೇನಿಲ್ಲ. ಅದರ ಲೆನ್ಸೂ ಉಪಯೋಗಕ್ಕೆ ಬರಬಹುದು: ಕ್ಯಾನನ್ನಿನ ಹಳೆಯ ಬಗೆಯ ಕ್ಯಾಮೆರಾಗಳ, 1987ರಿಂದೀಚಿನ ಇಎಫ್ ಲೆನ್ಸುಗಳು ಅಡಾಪ್ಟರ್ ಹಾಕಿದರೆ ಅದೇ ಕಂಪನಿಯ ಇಂದಿನ ಮಿರರ್‌ಲೆಸ್ ಆರ್‌ಎಫ್ ಕ್ಯಾಮೆರಾಗಳಲ್ಲೂ ಕೆಲಸ ಮಾಡುತ್ತವೆ.

ನೀವು ಕೇಳದೆ ಬಿಟ್ಟ ಇನ್ನೊಂದು ಪ್ರಶ್ನೆಯಿದೆ: ಇಷ್ಟೆಲ್ಲ ಕೊಂಡ ಮೇಲೆ ಮಳೆಗಾಲದಲ್ಲಿ ಅದನ್ನು ಎಲ್ಲಿಡಬೇಕು? ಬಯಲುಸೀಮೆಯವರಿಗೆ ಇದು ಅಷ್ಟು ಮುಖ್ಯವಲ್ಲ. ಆದರೆ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಆಗುಂಬೆ ನಮ್ಮದೇ ಜಿಲ್ಲೆಯಲ್ಲಿದೆ. ಆಷಾಢದಲ್ಲಿ ಮದುವೆಗಳಿಲ್ಲ, ಆದ್ದರಿಂದ ಮಳೆ ಅತಿ ಜೋರಾಗಿರುವ ತಿಂಗಳಲ್ಲೇ ಕ್ಯಾಮೆರಾ ಬ್ಯಾಗಿನೊಳಗೆ ಮಲಗಿರುತ್ತದೆ. ಶ್ರಾವಣದಲ್ಲಿ ತೆಗೆದು ನೋಡಿದರೆ ಲೆನ್ಸಿನ ಒಳಗಾಜಿನ ಮೇಲೆ ಜೇಡರ ಬಲೆಯಂತೆ ಬೂಷ್ಟು ಹಬ್ಬಿರುತ್ತದೆ. ಬೇಗ ಕಂಡರೆ ಬಿಚ್ಚಿ ಒರೆಸಬಹುದು, ತಡವಾದರೆ ಅದು ಗಾಜಿನ ಲೇಪನವನ್ನೇ ತಿಂದಿರುತ್ತದೆ.

ಒಲೆಯ ಮೇಲಿನ ಅಟ್ಟ ಬೆಚ್ಚಗಿರುತ್ತದೆಂದು ಅಲ್ಲಿಡಬೇಡಿ, ಹೊಗೆಯ ಜಿಡ್ಡು ಕೂರುತ್ತದೆ. ಚರ್ಮದ ಚೀಲದಲ್ಲೂ ಬೇಡ, ಚರ್ಮವೇ ತೇವ ಹಿಡಿದುಕೊಳ್ಳುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಅದರೊಳಗೆ ಬಟ್ಟೆಗಂಟಿನಲ್ಲಿ ಕಟ್ಟಿದ ಸಿಲಿಕಾ ಜೆಲ್, ತೇವಾಂಶ ತೋರಿಸುವ ಸಣ್ಣ ಮೀಟರ್, ಇಷ್ಟು ಸಾಕು. ಮೀಟರಿನ ಮುಳ್ಳು ಶೇಕಡಾ 40ರಿಂದ 50ರ ನಡುವೆ ಇರಬೇಕು; 60 ದಾಟಿದರೆ ಆ ದಿನವೇ ಡಬ್ಬಿ ತೆರೆದು ಜೆಲ್ ನೋಡಿ. ನೀಲಿ ಜೆಲ್ ಗುಲಾಬಿ ಬಣ್ಣಕ್ಕೆ ತಿರುಗಿದ್ದರೆ ಅದರ ಹೊಟ್ಟೆ ತುಂಬಿದೆ ಎಂದರ್ಥ. ಅಡುಗೆಗೆ ಬಳಸದ ಹಳೆಯ ಬಾಣಲೆಯಲ್ಲಿ ಹಾಕಿ, ಸಣ್ಣ ಉರಿಯಲ್ಲಿ ಮತ್ತೆ ನೀಲಿಯಾಗುವವರೆಗೆ ಕೈಯಾಡಿಸಿ, ಪೂರ್ತಿ ಆರಿದ ಮೇಲೆ ಗಂಟು ಕಟ್ಟಿ ಒಳಗಿಡಿ.