ಸಿಂಗಪುರದಲ್ಲಿ ಒಬ್ಬರೇ, ಅದೂ ಸಸ್ಯಾಹಾರಿ: ಊಟಕ್ಕೇನು ಮಾಡೋದು?

ಪ್ರಶ್ನೆ: ಮೊದಲ ಸಲ ಒಬ್ಬಳೇ ಸಿಂಗಪುರಕ್ಕೆ ಹೊರಟಿದ್ದೇನೆ. ಮೊಟ್ಟೆಯನ್ನೂ ತಿನ್ನುವುದಿಲ್ಲ. ಲಿಟಲ್ ಇಂಡಿಯಾ ಬಿಟ್ಟರೆ ಬೇರೆಲ್ಲೂ ನಮಗೆ ಊಟ ಸಿಗುವುದಿಲ್ಲ ಅಂತಾರೆ, ನಿಜವೇ? ಹೋಟೆಲಿನಲ್ಲಿ ಒಬ್ಬಳೇ ಕೂತು ತಿನ್ನೋದಕ್ಕೂ ಮುಜುಗರ.

ಉತ್ತರ: ನಿಜ ಅಲ್ಲ. ಹಾಗೆ ಹೇಳುವವರು ಬಹುಶಃ ಟೂರ್ ಬಸ್ಸಿನಿಂದ ಇಳಿದು, ಬಫೆ ತಿಂದು, ಮತ್ತೆ ಬಸ್ ಹತ್ತಿದವರು. ಒಬ್ಬರೇ ಹೋದವರಿಗೆ ಇಷ್ಟು ಸಲೀಸಾಗಿ ಊಟ ಸಿಗುವ ಊರು ಕಡಿಮೆ. ಅದಕ್ಕೆ ಕಾರಣ ಅಲ್ಲಿನ ಹಾಕರ್ ಸೆಂಟರ್‌ಗಳು.

ಒಂದೇ ಸೂರಿನ ಕೆಳಗೆ ಹತ್ತಾರು ಪುಟ್ಟ ಅಂಗಡಿ, ನಡುವೆ ಎಲ್ಲರಿಗೂ ಸೇರಿದ ಮೇಜುಗಳು. ಹಿಂದೆ ಬೀದಿಯಲ್ಲಿ ಗಾಡಿ ಇಟ್ಟು ಮಾರುತ್ತಿದ್ದವರಿಗೆ ಸರ್ಕಾರವೇ 1970–80ರ ದಶಕಗಳಲ್ಲಿ ಇಂಥ ಕಟ್ಟಡಗಳಲ್ಲಿ ಜಾಗ ಮಾಡಿಕೊಟ್ಟಿತು. 2020ರಲ್ಲಿ ಈ ಹಾಕರ್ ಸಂಸ್ಕೃತಿ ಯುನೆಸ್ಕೊ ಪಟ್ಟಿಗೂ ಸೇರಿತು. ಏಸಿ ಸಾಮಾನ್ಯವಾಗಿ ಇರುವುದಿಲ್ಲ. ಫ್ಯಾನ್ ತಿರುಗುತ್ತದೆ, ಆದರೂ ಬೆವರು ಇಳಿಯುತ್ತದೆ. ಒಬ್ಬರೇ ಕೂತು ತಿನ್ನುವವರು ಬೇಕಾದಷ್ಟು ಜನ: ಆಫೀಸಿನವರು, ಅಜ್ಜಂದಿರು, ಯೂನಿಫಾರ್ಮಿನ ಹುಡುಗರು. ಯಾರದೋ ಮೇಜಿನ ಖಾಲಿ ಕುರ್ಚಿ ತೋರಿಸಿ ಕೇಳಿದರೆ ತಲೆಯಾಡಿಸುತ್ತಾರೆ. ಅಷ್ಟೇ, ಆಮೇಲೆ ಅವರ ಪಾಡಿಗೆ ಅವರು. ದರ್ಶಿನಿಯಲ್ಲಿ ಮೇಜು ಹಂಚಿಕೊಂಡು ತಿಂದವರಿಗೆ ಇದೇನು ಹೊಸದಲ್ಲ ಬಿಡಿ.

ಒಂದು ವಿಷಯ ತಿಳಿದಿರಲಿ. ಖಾಲಿ ಮೇಜಿನ ಮೇಲೆ ಟಿಶ್ಯೂ ಪ್ಯಾಕೆಟ್ ಕಂಡರೆ ಅದನ್ನು ಯಾರೋ ಹಿಡಿದಿದ್ದಾರೆ ಅಂತ ಅರ್ಥ. ಇದಕ್ಕೆ ಅಲ್ಲಿ ‘ಚೋಪ್’ ಮಾಡೋದು ಅಂತಾರೆ. ನಮ್ಮಲ್ಲಿ ಬಸ್ಸಿನ ಕಿಟಕಿಯಿಂದ ಟವೆಲ್ ಹಾಕುತ್ತಾರಲ್ಲ, ಹಾಗೆ. ಒಬ್ಬರೇ ಹೋದವರಿಗೆ ಇದು ವರ, ಏಕೆಂದರೆ ನೀವು ಸಾಲಿನಲ್ಲಿ ನಿಂತಾಗ ಮೇಜು ಕಾಯೋರು ಯಾರೂ ಇರೋದಿಲ್ಲ. ಒಂದೆರಡು ಪ್ಯಾಕೆಟ್ ಬ್ಯಾಗಿನಲ್ಲಿ ಇರಲಿ. ಚಿಲ್ಲರೆ ನೋಟುಗಳೂ ಇರಲಿ, ಎಲ್ಲ ಅಂಗಡಿಯಲ್ಲೂ ಕಾರ್ಡ್ ನಡೆಯುವುದಿಲ್ಲ.

ಈಗ ಅಸಲು ತೊಂದರೆಗೆ ಬರೋಣ. ‘ವೆಜಿಟೆಬಲ್’ ಅಂತ ಕೇಳಿದರೆ ತರಕಾರಿ ಬರುತ್ತದೆ, ಆದರೆ ಅದರೊಳಗೆ ಏನೇನಿರುತ್ತದೆ ಅನ್ನೋದೇ ಬೇರೆ ಕಥೆ. ಹಸಿರು ಸೊಪ್ಪಿನ ಪಲ್ಯದಂತೆ ಕಾಣುವ ಕಾಂಗ್‌ಕೊಂಗ್‌ನಲ್ಲಿ ಬೆಲಚಾನ್ ಇರಬಹುದು. ಅದು ಸಿಗಡಿಯನ್ನು ಹುದುಗಿಸಿ ಮಾಡಿದ ಮುದ್ದೆ. ಬೇಯಿಸಿದ ಸೊಪ್ಪಿನ ಮೇಲೆ ಸಿಂಪಿಯಿಂದ ಮಾಡಿದ ಆಯ್ಸ್ಟರ್ ಸಾಸ್ ಸುರಿದಿರುತ್ತಾರೆ. ನಾಸಿ ಲೆಮಾಕ್ ತೆಂಗಿನ ಹಾಲಿನಲ್ಲಿ ಬೇಯಿಸಿದ ಘಮಘಮ ಅನ್ನ, ಆದರೆ ಜೊತೆಗೆ ಬರುವ ಒಣಮೀನು, ಸಿಗಡಿ ಮುದ್ದೆ ಬೆರೆಸಿದ ಖಾರದ ಚಟ್ನಿ ‘ಸಾಂಬಲ್’ ಎರಡೂ ನಿಮಗಲ್ಲ. ಪರಾಟಾ ಜೊತೆ ಕೊಡುವ ಸಾರು ಮೀನಿನದೋ ಕುರಿಯದೋ ಆಗಿರಬಹುದು, ‘ದಾಲ್’ ಅಂತಲೇ ಕೇಳಿ. ಹೀಗೆ ಒಂದೊಂದು ತಟ್ಟೆಗೂ ವಿಚಾರಣೆ ಮಾಡುವುದಕ್ಕಿಂತ, ಪೂರ್ತಿ ಸಸ್ಯಾಹಾರಿ ಅಂಗಡಿಗೇ ಹೋಗುವುದು ವಾಸಿ. ಚೀನಿ ಭಾಷೆಯಲ್ಲಿ ಸಸ್ಯಾಹಾರವನ್ನು ಸೂಚಿಸುವ ಅಕ್ಷರ 素. ಅದರ ಚಿತ್ರ ಮೊಬೈಲಿನಲ್ಲಿ ಇಟ್ಟುಕೊಳ್ಳಿ, ಬೋರ್ಡುಗಳಲ್ಲಿ ತಾನಾಗಿ ಕಣ್ಣಿಗೆ ಬೀಳುತ್ತದೆ.

ಮೊದಲ ದಿನವೇ ವಾಟರ್‌ಲೂ ಸ್ಟ್ರೀಟಿಗೆ ಹೋಗಿ ಅಂತ ನನ್ನ ಸಲಹೆ. ಅಲ್ಲಿ ಕ್ವಾನ್ ಇಮ್ ದೇವಿಯ ಗುಡಿ ಇದೆ. ಹತ್ತಿರದಲ್ಲೇ ಶ್ರೀಕೃಷ್ಣನ ಗುಡಿ. ದೇವಿಗೆ ಕೈಮುಗಿದ ಚೀನಿ ಅಜ್ಜಿ ಸೀದಾ ಬಂದು ಕೃಷ್ಣನ ಬಾಗಿಲಲ್ಲೂ ಊದುಬತ್ತಿ ಹಿಡಿದು ನಿಲ್ಲುತ್ತಾಳೆ. ಹೊರಗೆ ಹೂವಿನ ಅಂಗಡಿಗಳು. ಈ ಊರು ಎಂಥದು ಅಂತ ತಿಳಿಯೋಕೆ ಗಾಜಿನ ಕಟ್ಟಡಗಳಿಗಿಂತ ಇದು ಜಾಸ್ತಿ ಸಹಾಯ ಮಾಡುತ್ತದೆ. ಅಲ್ಲಿಂದ ಸ್ವಲ್ಪ ನಡೆದರೆ ಫಾರ್ಚೂನ್ ಸೆಂಟರ್ ಎಂಬ ಹಳೇ ಕಟ್ಟಡ, ಒಳಗೆ ಹಲವು ಸಸ್ಯಾಹಾರಿ ಹೋಟೆಲುಗಳು. ಚಾಂದ್ರಮಾನ ತಿಂಗಳ ಒಂದನೇ ದಿನ ಮತ್ತು ಹದಿನೈದನೇ ದಿನ ಅನೇಕ ಚೀನಿ ಬೌದ್ಧರು ಮಾಂಸ ಮುಟ್ಟುವುದಿಲ್ಲ. ಆ ದಿನ ಇಂಥ ಕಡೆ ಸಾಲು ಉದ್ದ ಇರುತ್ತದೆ.

ಬೆಳಗ್ಗೆ ಹೋದರೆ ಬೀಹೂನ್ ತಿನ್ನಿ. ಅಕ್ಕಿಯ ಸಣ್ಣ ಶಾವಿಗೆ, ಎಲೆಕೋಸು, ಮೇಲೆ ಗರಿಗರಿಯಾಗಿ ಕರಿದ ಸೋಯಾ ಹಾಲಿನ ಕೆನೆಪದರ. ಮಧ್ಯಾಹ್ನವಾದರೆ ಗಾಜಿನ ಹಿಂದೆ ಸ್ಟೀಲ್ ಟ್ರೇಗಳಲ್ಲಿ ಹತ್ತಾರು ಪದಾರ್ಥ ಸಾಲಾಗಿ ಇರುತ್ತವೆ. ಹೆಸರು ಗೊತ್ತಿರಬೇಕಿಲ್ಲ, ಬೆರಳು ತೋರಿಸಿದರೆ ಸಾಕು, ಆಂಟಿ ಅನ್ನದ ಮೇಲೆ ಹಾಕಿ ಕೊಡುತ್ತಾರೆ. ಎಷ್ಟು ಬಗೆ ಆರಿಸಿದಿರೋ ಅದರ ಮೇಲೆ ಬೆಲೆ. ಕೆಲವು ಟ್ರೇಗಳಲ್ಲಿ ಥೇಟ್ ಹಂದಿಮಾಂಸ, ಮೀನು ಇದ್ದ ಹಾಗೇ ಕಾಣುತ್ತದೆ. ಗಾಬರಿ ಬೇಡ, ಅದು ಸೋಯಾ ಅಥವಾ ಗೋಧಿಯ ಅಂಟು. ನನಗೇನೋ ಆ ವೇಷ ಯಾಕೆ ಬೇಕು ಅನಿಸುತ್ತದೆ, ಸುಮ್ನೆ ತೋಫು ತೋಫುವಾಗಿ ಇದ್ದರೆ ಸಾಲದೇ? ಮೊಟ್ಟೆ ಮಾತ್ರ ಕೇಳಿಕೊಳ್ಳಿ, ಕೆಲವು ಸಸ್ಯಾಹಾರಿ ಅಂಗಡಿಗಳಲ್ಲಿ ಬಳಸುತ್ತಾರೆ.

ಲಿಟಲ್ ಇಂಡಿಯಾಕ್ಕೆ ಹೋಗಲೇಬೇಡಿ ಅಂತಲ್ಲ. 1947ರಿಂದ ನಡೆಯುತ್ತಿರುವ ಕೋಮಳ ವಿಲಾಸ್ ಇದೆ. ಸೆರಂಗೂನ್ ರಸ್ತೆಯಲ್ಲಿ ನಮ್ಮ ಎಂಟಿಆರ್ ಕೂಡ ಇದೆ. ಮನೆ ನೆನಪಾದ ದಿನ ಹೋಗಿ. ಮೂರು ಹೊತ್ತೂ ಅಲ್ಲೇ ದೋಸೆ ತಿನ್ನೋದಾದರೆ ವಿಮಾನದ ಟಿಕೆಟ್ ಯಾಕೆ, ಅಲ್ವಾ?

ಕಾಫಿ ಕುಡಿಯುವವರಿಗೆ ಒಂದು ಮಾತು. ಅಲ್ಲಿನ ‘ಕೋಪಿ’ ಬೀಜವನ್ನು ಸಕ್ಕರೆ, ಮಾರ್ಗರಿನ್ ಹಾಕಿ ಕಪ್ಪಗೆ ಹುರಿಯುತ್ತಾರೆ, ಬಟ್ಟೆಯ ಚೀಲದಲ್ಲಿ ಸೋಸುತ್ತಾರೆ. ಸುಮ್ನೆ ‘ಕೋಪಿ’ ಅಂದರೆ ಕಂಡೆನ್ಸ್ಡ್ ಮಿಲ್ಕ್ ಹಾಕಿದ ಸಿಹಿ ಸಿಹಿ ಕಾಫಿ ಬರುತ್ತದೆ. ನಮ್ಮ ಫಿಲ್ಟರ್ ಕಾಫಿಗೆ ಸ್ವಲ್ಪ ಹತ್ತಿರ ಬೇಕಾದರೆ ‘ಕೋಪಿ ಸಿ ಸಿಯು ದಾಯ್’ ಅನ್ನಿ, ಕಂಡೆನ್ಸ್ಡ್ ಬದಲು ಇವಾಪೊರೇಟೆಡ್ ಹಾಲು, ಕಡಿಮೆ ಸಕ್ಕರೆ.

ತಿಂದ ಮೇಲೆ ಟ್ರೇ ನೀವೇ ಒಯ್ದು ಇಡಬೇಕು. ಹಲಾಲ್ ತಟ್ಟೆಗಳಿಗೆ ಬೇರೆ ಜಾಗ ಇರುತ್ತದೆ, ಬೋರ್ಡ್ ನೋಡಿ ಇಡಿ. ಟ್ರೇ ಒಯ್ದು ಇಡೋದು 2021ರಿಂದ ಕಾನೂನು, ಮೊದಲ ಸಲ ಎಚ್ಚರಿಕೆ, ಆಮೇಲೆ ದಂಡ. ಐಸ್ ಹಾಕಿದ ಕೋಪಿಯನ್ನು ಪಾರ್ಸೆಲ್ ತಗೊಂಡರೆ ಎಂಆರ್‌ಟಿ, ಅಂದರೆ ಅಲ್ಲಿನ ಮೆಟ್ರೊ, ಅದರ ಗೇಟಿನ ಹೊರಗೇ ಕುಡಿದು ಮುಗಿಸಿ. ರೈಲಿನೊಳಗೆ ತಿಂದರೂ ಕುಡಿದರೂ 500 ಡಾಲರ್‌ವರೆಗೆ ದಂಡ. ನೀರಿಗೂ ಅದೇ ನಿಯಮ.